ಕರೆಂಟ್ ಕೊಟ್ಟರೆ ನೀರು ಕಂದಾಗುತ್ತದೆ: ಅದು ನೀರಿನ ಕೊಳೆಯೇ?

ಒಂದು ಲೋಟದಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟರೆ ನಲ್ಲಿ ನೀರು ಕಂದಾಗುತ್ತದೆ. ‘ನೀವು ಕುಡಿಯುವ ವಿಷ ನೋಡಿ’ ಎಂದು ಇದನ್ನು ತೋರಿಸಿ ಯಂತ್ರ ಮಾರುವವರಿದ್ದಾರೆ. ಇದರ ಹಿಂದಿನ ರಸಾಯನಶಾಸ್ತ್ರವನ್ನು ನೋಡೋಣ.

ಆ ಕೊಳೆ ಬರುವುದು ಕಡ್ಡಿಯಿಂದ. ನೀರಿನಲ್ಲಿ ಕರಗಿದ ಲವಣಗಳು ಅಯಾನುಗಳಾಗಿ ಬೇರ್ಪಟ್ಟಿರುತ್ತವೆ. ವಿದ್ಯುತ್ ಹರಿಯುವುದು ಅವುಗಳಿಂದಲೇ. ಆಗ ಕಬ್ಬಿಣದ ಕಡ್ಡಿ ಸವೆದು ತುಕ್ಕಿನಂಥ ಗಸಿ ಉಂಟಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಬಣ್ಣ ಬದಲಾಗುವುದಿಲ್ಲ. ಅದಕ್ಕೂ ಚಿಟಿಕೆ ಉಪ್ಪು ಹಾಕುವಂತೆ ಮಾರಾಟಗಾರರಿಗೇ ಹೇಳಿ, ಅದೂ ಕಂದಾಗುತ್ತದೆ!

ಯಲಹಂಕ, ಹೆಬ್ಬಾಳದ ಸುತ್ತ ಬೋರ್‌ವೆಲ್ ನೀರು ಬಳಸುವ ಮನೆಗಳು ಹಲವು. ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿ ಬಂದ ಈ ಗಡಸು ನೀರು ಬೇಗ ಬಣ್ಣ ತಿರುಗುತ್ತದೆ. ಅಷ್ಟಕ್ಕೇ ಅದು ವಿಷವಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಸಿಗದಿದ್ದರೆ 2000ದವರೆಗೆ.

ರೋಗಾಣು, ನೈಟ್ರೇಟ್, ಫ್ಲೋರೈಡ್ ಇವೆಯೇ ಎಂಬುದನ್ನು ಈ ಡೆಮೊ ಹೇಳುವುದಿಲ್ಲ. ತಿಳಿಯಾಗಿ ಕಾಣುವ ನೀರಿನಲ್ಲೂ ಅವು ಇರಬಹುದು. ಯಂತ್ರ ಕೊಳ್ಳುವ ಮುನ್ನ, ವಿಡಿಯೊ ಫಾರ್ವರ್ಡ್ ಮಾಡುವ ಮುನ್ನ, ಲ್ಯಾಬ್‌ನಲ್ಲಿ ನೀರು ಪರೀಕ್ಷೆ ಮಾಡಿಸಿ.