ಹೊಸದು ಬಂದರೆ ಹಳೆಯದು ಸಿಗುತ್ತದೆ

ವಿಡಿಯೊ ಗೇಮ್ ಆಡುವವರಿಗೆ ಮುಂದಿನ ತಲೆಮಾರಿನ ಕನ್ಸೋಲ್‌ಗಳ ಬಗ್ಗೆ ಉತ್ಸಾಹ ಇದೆಯೋ ಇಲ್ಲವೋ ಎಂಬ ಚರ್ಚೆ ಮತ್ತೆ ಶುರುವಾಗಿದೆ. 2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಮುಂದಿನ ಎಕ್ಸ್‌ಬಾಕ್ಸ್‌ಗಾಗಿ ಚಿಪ್ ಕಂಪನಿ ಎಎಂಡಿಯ ಜೊತೆ ಕೈಜೋಡಿಸಿರುವುದಾಗಿ ಹೇಳಿತು. ಅಕ್ಟೋಬರ್‌ನಲ್ಲಿ ಸೋನಿ ಕನ್ಸೋಲ್‌ಗಳ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ, ಇನ್ನು ಕೆಲವು ವರ್ಷಗಳಲ್ಲಿ ಬರಲಿರುವ ಕನ್ಸೋಲಿನ ತಂತ್ರಜ್ಞಾನವನ್ನು ಅದೇ ಎಎಂಡಿಯವರ ಜೊತೆ ಕೂತು ವಿವರಿಸಿದರು. ಈ ಯಂತ್ರಗಳಿಗಾಗಿ ಜನ ತುದಿಗಾಲಲ್ಲಿ ನಿಂತಿದ್ದಾರೆ ಎನ್ನುವುದು ಒಂದು ಪಕ್ಷ. ಆ ಕಾಲ ಮುಗಿಯಿತು, ಈಗೆಲ್ಲ ಮೊಬೈಲು ಎನ್ನುವುದು ಇನ್ನೊಂದು. ಎರಡನ್ನೂ ಪೂರ್ತಿಯಾಗಿ ಒಪ್ಪಲು ನನ್ನಿಂದ ಆಗುತ್ತಿಲ್ಲ. ಏಕೆಂದರೆ ಎರಡೂ ಪಕ್ಷದವರು ಉತ್ಸಾಹವನ್ನು ಅಳೆಯುವುದು ಯಂತ್ರ ಬಿಡುಗಡೆಯಾಗುವ ದಿನದಲ್ಲಿ. ಕೋಲಾರ ಜಿಲ್ಲೆಯ ಕೆಜಿಎಫ್, ಬಂಗಾರಪೇಟೆಯಂಥ ಊರುಗಳಿಂದ ನೋಡಿದರೆ ಆ ದಿನಕ್ಕೆ ಅಷ್ಟು ಮಹತ್ವ ಇದೆಯೆಂದು ನಂಬುವುದು ಕಷ್ಟ.

ಉತ್ಸಾಹಕ್ಕೆ ಪುರಾವೆಯಾಗಿ ಸಾಮಾನ್ಯವಾಗಿ ತೋರಿಸುವುದು ಮುಂಗಡ ಬುಕಿಂಗನ್ನು. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಅದಕ್ಕೂ ಮೊದಲು, ಜನವರಿಯಲ್ಲಿ ಬುಕಿಂಗ್ ತೆರೆದಾಗ ಕೆಲವೇ ನಿಮಿಷಗಳಲ್ಲಿ ದಾಸ್ತಾನು ಖಾಲಿಯಾಯಿತು. ಸುದ್ದಿ ನಿಜ. ಆದರೆ ಎಷ್ಟು ಪೆಟ್ಟಿಗೆ ತರಿಸಿದ್ದರು ಎಂಬ ಲೆಕ್ಕ ಜೊತೆಗಿಲ್ಲದಿದ್ದರೆ ‘ಖಾಲಿಯಾಯಿತು’ ಎಂಬ ಮಾತಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದು ಕೋವಿಡ್ ಕಾಲ, ಚಿಪ್‌ಗಳ ಅಭಾವ ಬೇರೆ. ಕೊಂಡವರಲ್ಲಿ ಕೆಲವರು ಆಡುವುದಕ್ಕಲ್ಲ, ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡುವುದಕ್ಕೆ ಕೊಂಡಿದ್ದರು. ಮೊದಲ ದಿನದ ಭರಾಟೆಯಿಂದ ತಿಳಿಯುವುದು ಮೊದಲ ದಿನ ಕೊಳ್ಳಬಲ್ಲವರ ಮನಸ್ಸು ಮಾತ್ರ. ಅವರ ಉತ್ಸಾಹ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನೇ ಆಡುವವರೆಲ್ಲರ ಉತ್ಸಾಹ ಎಂದು ಎಣಿಸುವುದು ಸರಿಯಲ್ಲ, ಅಷ್ಟೆ.

ಉತ್ಸಾಹ ಹುಟ್ಟುವುದು ಹೊಸತನದಿಂದ ಎಂಬ ನಂಬಿಕೆ ಇದಕ್ಕಿಂತ ಆಳವಾಗಿ ಬೇರೂರಿದೆ. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಕಡೆಯ ಮನೆಗಳಿಗೆ ಬಂದ ವಿಡಿಯೊ ಗೇಮನ್ನು ನೆನೆಸಿಕೊಳ್ಳಿ. ಮೀಡಿಯಾ, ಸಮುರಾಯ್ ಎಂಬ ಹೆಸರಿನ ಆ ಪೆಟ್ಟಿಗೆಗಳು ಜಪಾನಿನ ನಿಂಟೆಂಡೊ 1983ರಲ್ಲಿ ಹೊರತಂದ ಯಂತ್ರದ ನಕಲುಗಳು. ಹಳದಿ ಕ್ಯಾಸೆಟ್ಟನ್ನು ಮೇಲಿನಿಂದ ಒತ್ತಿ ಕೂರಿಸಬೇಕು. ಆಂಟೆನಾ ತೂತಿಗೆ ವೈರು ಸಿಕ್ಕಿಸಿ, ಟಿವಿಯ ಚಾನೆಲ್ ತಿರುಗಿಸುತ್ತ ತಿರುಗಿಸುತ್ತ ಚಿತ್ರ ಹಿಡಿಯಬೇಕು. ಅರ್ಧ ಗಂಟೆಯಾಗುವಷ್ಟರಲ್ಲಿ ಅಡಾಪ್ಟರು ಕೈಯಿಡಲಾಗದಷ್ಟು ಬಿಸಿ. ಅದು ನಮ್ಮ ಕೈಗೆ ಬರುವ ಹೊತ್ತಿಗೆ ಅದರ ಒಳಗಿನ ತಂತ್ರಜ್ಞಾನಕ್ಕೆ ಹತ್ತು ವರ್ಷ ದಾಟಿತ್ತು. ‘ಕಾಂಟ್ರಾ’ ಆಡುತ್ತಿದ್ದವರಲ್ಲಿ ಯಾರಿಗೂ ಇದು ಹಳೆಯ ಮಾಲು ಎಂಬ ಕೊರಗು ಇದ್ದದ್ದನ್ನು ನಾನು ಕಂಡಿಲ್ಲ. ಅದೇ ಹೊತ್ತಿಗೆ ಹೊರದೇಶಗಳಲ್ಲಿ ಸೋನಿಯ ಮೊದಲ ಪ್ಲೇಸ್ಟೇಷನ್ ಮಾರಾಟವಾಗುತ್ತಿತ್ತು.

ಪ್ಲೇಸ್ಟೇಷನ್ 2ರ ಕತೆಯೂ ಹೀಗೆಯೇ. ಜಪಾನಿನಲ್ಲಿ ಅದು ಬಂದದ್ದು 2000ದಲ್ಲಿ. ಕೆಜಿಎಫ್‌ನ ಚಿನ್ನದ ಗಣಿ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ರಂದು. ಸಂಬಳ ನಿಂತ ಮನೆಗಳಲ್ಲಿ ಆಗ ಪ್ಲೇಸ್ಟೇಷನ್ನಿನ ಮಾತೇ ಇರಲಿಲ್ಲ. ಅದು ಇಲ್ಲಿನ ಹುಡುಗರಿಗೆ ಸಿಕ್ಕಿದ್ದು ಎಷ್ಟೋ ವರ್ಷ ತಡವಾಗಿ: ಗಂಟೆಗೆ ಇಷ್ಟು ಎಂದು ಆಡಿಸುವ ಅಂಗಡಿಗಳಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅಣ್ಣನೋ ಮಾವನೋ ತಂದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯಲ್ಲಿ. ಜಾಯ್‌ಸ್ಟಿಕ್ಕಿನ ರಬ್ಬರು ಸವೆದು ಒಳಗಿನ ಪ್ಲಾಸ್ಟಿಕ್ ಕಾಣುತ್ತಿದ್ದರೂ ಅದಕ್ಕೊಂದು ಸರದಿ. ಅಮೆರಿಕದಲ್ಲಿ 299 ಡಾಲರಿಗೆ ಬಂದ ಆ ಯಂತ್ರ 2009ರ ಹೊತ್ತಿಗೆ 99 ಡಾಲರಿಗೆ ಇಳಿದಿತ್ತು. ಸೋನಿ ಅದನ್ನು ಹನ್ನೆರಡು ವರ್ಷಕ್ಕೂ ಮೇಲೆ ತಯಾರಿಸಿತು. ಮಾರಿದ್ದು 15 ಕೋಟಿಗೂ ಹೆಚ್ಚು. ಯಾವ ಕನ್ಸೋಲೂ ಆ ಸಂಖ್ಯೆಯನ್ನು ಮೊದಲ ದಿನದ ಉತ್ಸಾಹದಿಂದ ಮುಟ್ಟಲಾರದು. ಹಳತಾಗುತ್ತ, ಅಗ್ಗವಾಗುತ್ತ ಹೋದದ್ದರಿಂದಲೇ ಪ್ಲೇಸ್ಟೇಷನ್ 2 ಅಷ್ಟು ದೂರ ಹೋಯಿತು.

ಹಿಂದುಳಿದ ಊರುಗಳಿಗೆ ಎಲ್ಲವೂ ತಡವಾಗಿ ಬರುತ್ತದೆ, ಅದರಲ್ಲಿ ವಿಶೇಷವೇನು ಎಂದು ನೀವು ಕೇಳಬಹುದು. ಆದರೆ ಕೆಜಿಎಫ್ ವಿಷಯದಲ್ಲಿ ಆ ಮಾತು ಸಲ್ಲುವುದಿಲ್ಲ. ಶಿವನಸಮುದ್ರದ ಜಲವಿದ್ಯುತ್ತು ಇಲ್ಲಿಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಿಗೆ ಅದು ತಲುಪಿದ್ದು 1905ರಲ್ಲಿ. ಜಗತ್ತಿನ ಹೊಸ ಯಂತ್ರವನ್ನು ಈ ಊರು ಬೆಂಗಳೂರಿಗಿಂತ ಮುಂಚೆ ಕಂಡಿತ್ತು. ಆದರೆ ಆ ವಿದ್ಯುತ್ತನ್ನು ತರಿಸಿದ್ದು ಗಣಿಯ ಯಂತ್ರಗಳಿಗಾಗಿ, ಗಣಿಯವರ ಮನೆಗಳಿಗಾಗಿ ಅಲ್ಲ. ಹೊಸದು ಊರಿಗೆ ಬರುವುದೂ ಅದು ಜನರ ಕೈಗೆ ಬರುವುದೂ ಬೇರೆ ಬೇರೆ. ಕನ್ಸೋಲುಗಳ ಚರ್ಚೆಯಲ್ಲಿ ಈ ಅಂತರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಬೆಲೆಯ ಮಾತು. ಕನ್ಸೋಲು ದುಬಾರಿ, ಸಣ್ಣ ಊರಿನವರು ಕೊಳ್ಳದಿರುವುದು ಅದಕ್ಕೇ ಎಂಬುದು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5ರ ಬೆಲೆ 2022ರ ನವೆಂಬರ್‌ನಲ್ಲಿ 54,990ಕ್ಕೆ ಏರಿತು. ಆದರೂ ಅಷ್ಟೇ ಬೆಲೆಯ ಫೋನುಗಳು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕಂತಿನ ಮೇಲೆ ಮಾರಾಟವಾಗುತ್ತವೆ. ಅದರ ಎರಡರಷ್ಟು ಬೆಲೆಯ ಬೈಕುಗಳೂ ಆಗುತ್ತವೆ. ಹಾಗಾದರೆ ತಡೆ ದುಡ್ಡೊಂದೇ ಅಲ್ಲ. ಮನೆಯಲ್ಲಿರುವುದು ಒಂದೇ ಟಿವಿ. ಸಂಜೆ ಆರರಿಂದ ಹತ್ತರವರೆಗೆ ಅದು ಅಮ್ಮನದೋ ಅಜ್ಜಿಯದೋ. ಆಡುವ ವಯಸ್ಸಿನ ಹುಡುಗ ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದು, ಬಂಗಾರಪೇಟೆ, ಮಾಲೂರು ದಾಟಿ ವೈಟ್‌ಫೀಲ್ಡಿಗೋ ಮೆಜೆಸ್ಟಿಕ್ಕಿಗೋ ಕೆಲಸಕ್ಕೆ ಹೋಗುತ್ತಾನೆ, ಮರಳುವಾಗ ರಾತ್ರಿಯಾಗಿರುತ್ತದೆ. ಅವನಿಗೆ ಸಾಲವನ್ನು ಯಾರಾದರೂ ಕೊಡುತ್ತಾರೆ. ಟಿವಿಯ ಮುಂದೆ ಎರಡು ಗಂಟೆಯನ್ನು ಕೊಡುವವರಿಲ್ಲ. ಮುಂದಿನ ತಲೆಮಾರಿನ ಯಂತ್ರ ಎಷ್ಟೇ ವೇಗದ್ದಾದರೂ ಆ ಎರಡು ಗಂಟೆಯನ್ನು ತಂದುಕೊಡಲಾರದು.

ಅದಕ್ಕೇ ಮೊಬೈಲು ಗೆದ್ದಿತು ಎಂದು ಎರಡನೆಯ ಪಕ್ಷದವರು ಇಲ್ಲಿ ಹೇಳಿಯಾರು. ಆಡುವವರ ಸಂಖ್ಯೆಯನ್ನೇ ನೋಡುವುದಾದರೆ ಅವರ ಮಾತು ನಿಜ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ರೈಲಿನಲ್ಲಿ ಎದುರುಬದುರು ಕೂತವರೇ ಒಂದು ತಂಡವಾಗಿ ಪಬ್‌ಜಿ ಆಡುವುದು ಮಾಮೂಲಾಯಿತು. ಆದರೆ 2020ರ ಸೆಪ್ಟೆಂಬರ್ 2ರಂದು ಸರ್ಕಾರದ ಒಂದು ಆದೇಶಕ್ಕೆ ಪಬ್‌ಜಿ ಹೋಯಿತು. ಮರುವರ್ಷ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಅದೂ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ವಿಚಾರ. ಆದರೆ ಅಷ್ಟು ವರ್ಷ ಆಡಿದ ಆಟದ ಒಂದು ಚೂರೂ ಆಡುವವನದ್ದಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಆ ನಿಷೇಧದ ದಿನಗಳಲ್ಲೂ ಅಟ್ಟದ ಮೇಲಿದ್ದ ಹಳೆಯ ಪ್ಲೇಸ್ಟೇಷನ್ನಿಗೆ ಸಿಡಿ ಹಾಕಿದರೆ ಫುಟ್‌ಬಾಲ್ ಆಡಬಹುದಾಗಿತ್ತು. ಮೈದಾನದ ಫುಟ್‌ಬಾಲನ್ನು ಇಷ್ಟೊಂದು ಹಚ್ಚಿಕೊಂಡ ಕೆಜಿಎಫ್‌ನಲ್ಲಿ ಆ ಸಿಡಿ ಮೂಲೆ ಸೇರಿರುವ ಸಾಧ್ಯತೆ ಕಡಿಮೆ.

ಹೊಸ ಯಂತ್ರದಲ್ಲಿ ಚಿತ್ರದ ಗುಣಮಟ್ಟ ಹೆಚ್ಚುತ್ತದೆ ಎಂಬ ವಾದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಜಿಟಿಎ 5’ ಎಂಬ ಒಂದೇ ಆಟ 2013ರಲ್ಲಿ ಪ್ಲೇಸ್ಟೇಷನ್ 3ಕ್ಕೆ, 2014ರಲ್ಲಿ 4ಕ್ಕೆ, 2022ರಲ್ಲಿ 5ಕ್ಕೆ ಬಂತು. ‘ಇಎ ಸ್ಪೋರ್ಟ್ಸ್ ಎಫ್‌ಸಿ 26’ ಈಗಲೂ ಪ್ಲೇಸ್ಟೇಷನ್ 4ರಲ್ಲಿ ಸಿಗುತ್ತದೆ. ಯಂತ್ರದ ತಲೆಮಾರೂ ಆಟದ ತಲೆಮಾರೂ ಈಗ ಜೊತೆಯಾಗಿ ಸಾಗುತ್ತಿಲ್ಲ. ಹೊಸ ಯಂತ್ರಗಳೆಲ್ಲ ಇಲ್ಲಿಗೆ ಬರುವುದೂ ಇಲ್ಲ. 2024ರ ನವೆಂಬರ್‌ನಲ್ಲಿ ಹೊರದೇಶಗಳಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ, ಅದರ ವೈಫೈಗೆ ಬೇಕಾದ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಆಗ ಇಲ್ಲಿ ಅನುಮತಿ ಇಲ್ಲದ ಕಾರಣ ಭಾರತದಲ್ಲಿ ಬಿಡುಗಡೆಯಾಗಲಿಲ್ಲ. 2025ರ ಜೂನ್ 5ರಂದು ಬಂದ ನಿಂಟೆಂಡೊದ ಸ್ವಿಚ್ 2 ಕೂಡ ಇಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲಿಲ್ಲ. ಕೆಜಿಎಫ್‌ನಲ್ಲಿ ಯಾರೂ ಇದಕ್ಕಾಗಿ ಕೈಕೈ ಹಿಸುಕಿಕೊಂಡದ್ದನ್ನು ನಾನು ಕಾಣೆ.

ಹಾಗೆಂದರೆ ಇಲ್ಲಿ ಉತ್ಸಾಹವೇ ಇಲ್ಲವೆಂದಲ್ಲ. ಬಂಗಾರಪೇಟೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಪ್ಲೇಸ್ಟೇಷನ್ 4ರ ಫ್ಯಾನು ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದ ಹುಡುಗನೊಬ್ಬನನ್ನು, ಆರನೆಯದು ಬರುತ್ತದಂತಲ್ಲ, ಕಾಯುತ್ತಿದ್ದೀಯಾ ಎಂದು ಕೇಳಿದೆ. “ಕಾಯ್ತಾ ಇದ್ದೀನಿ ಸಾರ್. ಅದು ಬಂದ್ರೆ ಇದು ಕಮ್ಮಿಗೆ ಸಿಕ್ತದಲ್ಲ,” ಎಂದು ಗೋಡೆಯ ಮೇಲಿದ್ದ ಪ್ಲೇಸ್ಟೇಷನ್ 5ರ ಪೋಸ್ಟರು ತೋರಿಸಿದ. ಹೊಸ ಯಂತ್ರದ ಬಗ್ಗೆ ಅವನಿಗಿದ್ದ ಆಸಕ್ತಿ ಯಾವ ವಿಮರ್ಶಕನಿಗಿಂತಲೂ ಕಡಿಮೆಯದಲ್ಲ. ಆದರೆ ಆ ಆಸಕ್ತಿಯ ಗುರಿ ಒಂದು ಮೆಟ್ಟಿಲು ಕೆಳಗಿತ್ತು. ಮದುವೆಯ ಮನೆಯಲ್ಲಿ ಮೊದಲ ಪಂಕ್ತಿ ಏಳುವುದನ್ನು ಎರಡನೆಯ ಪಂಕ್ತಿಯವರು ನೋಡುವಂತೆ ಅವನು ಆರನೆಯದನ್ನು ನೋಡುತ್ತಿದ್ದ.

ನನ್ನ ನಿಜವಾದ ಆತಂಕ ಇಲ್ಲಿಂದ ಶುರುವಾಗುತ್ತದೆ. ಅವನ ಲೆಕ್ಕ ಇದುವರೆಗೆ ಸರಿಯಾಗಿತ್ತು, ಮುಂದೆ ಸರಿಯಾಗಿ ಇರುತ್ತದೆ ಎನ್ನಲಾಗದು. ವರ್ಷ ಕಳೆದಂತೆ ಕನ್ಸೋಲಿನ ಬೆಲೆ ಇಳಿಯುವುದು ವಾಡಿಕೆಯಾಗಿತ್ತು. ಪ್ಲೇಸ್ಟೇಷನ್ 5 ಆ ವಾಡಿಕೆಯನ್ನು ಮುರಿಯಿತು. ಇಲ್ಲಿ ಏರಿದ್ದು ಮಾತ್ರವಲ್ಲ, ಅಮೆರಿಕದಲ್ಲೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿತು. 2024ರಲ್ಲಿ ಇಲ್ಲಿಗೆ ಬಂದ ಸ್ಲಿಮ್ ಮಾದರಿಗೂ ಅದೇ 54,990 ಇಟ್ಟರು. ಬೆಲೆಯೇರಿಕೆಗಿಂತ ದೊಡ್ಡ ಬದಲಾವಣೆ ಡಿಸ್ಕಿನದು. ಪ್ಲೇಸ್ಟೇಷನ್ 5 ಪ್ರೊದೊಳಗೆ ಡಿಸ್ಕ್ ಡ್ರೈವ್ ಇಲ್ಲ, ಬೇಕಾದವರು ಬೇರೆಯಾಗಿ ಕೊಳ್ಳಬೇಕು. ಮೈಕ್ರೋಸಾಫ್ಟ್ ಕೂಡ 2024ರಲ್ಲಿ ಡ್ರೈವ್ ಇಲ್ಲದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಹೊರತಂದಿತು. ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಇಡೀ ಆಟ ಇರುವುದಿಲ್ಲ, ಅದನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ.

ಡ್ರೈವ್ ಇಲ್ಲದ ಸ್ಲಿಮ್ ಪ್ಲೇಸ್ಟೇಷನ್ 5ಕ್ಕೆ 2024ರಲ್ಲಿ ಇಲ್ಲಿ 44,990 ರೂಪಾಯಿ ಇತ್ತು. ಕೊಳ್ಳುವಾಗ ಹತ್ತು ಸಾವಿರ ಉಳಿದಂತೆ ಕಾಣುತ್ತಿತ್ತು. ಆದರೆ ಹೊಸ ಆಟವೊಂದಕ್ಕೆ ಆಗ 4,999 ರೂಪಾಯಿ. ಡಿಸ್ಕಿನಲ್ಲಿ ಕೊಂಡವನು ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಿದರೆ ನಾಲ್ಕು ಆಟಕ್ಕೆ ಆ ಹತ್ತು ಸಾವಿರ ಮರಳಿತು. ಅದಕ್ಕಿಂತ ಮುಖ್ಯವಾಗಿ, ಅವನು ಮಾರಿದ ಡಿಸ್ಕು ಇನ್ನೊಬ್ಬನ ಮನೆಯಲ್ಲಿ ಅರ್ಧ ಬೆಲೆಯ ಹೊಸ ಆಟವಾಯಿತು. ಡೌನ್‌ಲೋಡ್ ಮಾಡಿದ ಆಟ ಕೊಂಡವನ ಖಾತೆಯಲ್ಲೇ ಉಳಿಯುತ್ತದೆ. ಯಂತ್ರ ಕೈಬದಲಾದಾಗ ಅದರ ಜೊತೆ ಹೋಗುವುದಿಲ್ಲ. ಹಳೆಯ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿದರೂ ಅದರಲ್ಲಿ ಆಡಬೇಕಾದ್ದನ್ನೆಲ್ಲ ಪೂರ್ತಿ ಬೆಲೆಗೆ, ಇಲ್ಲವೇ ಕಂಪನಿ ಇಟ್ಟ ರಿಯಾಯಿತಿಗೆ ಕಾದು ಕೊಳ್ಳಬೇಕು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಪ್ಲೇಸ್ಟೇಷನ್ 2ರ ಕಾಲದಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದ ಆಟಗಳ ಹಂಚಾಟದ ಬಹುಪಾಲು ನಿಂತಿದ್ದದ್ದು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಚೆನ್ನೈನ ಬರ್ಮಾ ಬಜಾರಿನಲ್ಲೋ ಸಿಗುತ್ತಿದ್ದ ನಕಲಿ ಸಿಡಿಗಳ ಮೇಲೆ. ಆಟ ಬರೆದವರಿಗೆ ಅದರಿಂದ ಒಂದು ಕಾಸೂ ಹೋಗಲಿಲ್ಲ. ಇದನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಡೌನ್‌ಲೋಡ್ ಪದ್ಧತಿ ನಕಲನ್ನು ತಡೆಯುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅಸಲಿ ಡಿಸ್ಕನ್ನು ದುಡ್ಡು ಕೊಟ್ಟು ಕೊಂಡು, ಆಡಿ, ಮತ್ತೊಬ್ಬನಿಗೆ ಮಾರುವುದು ಕಳವಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಂಡು ಓದಿದ ಯಾರನ್ನೂ ನಾವು ಕಳ್ಳರೆನ್ನುವುದಿಲ್ಲ. ಕಳ್ಳದಾರಿಯನ್ನು ಮುಚ್ಚುವ ಭರದಲ್ಲಿ ನೆಟ್ಟಗಿನ ದಾರಿಯನ್ನೂ ಮುಚ್ಚಿದರೆ ನಷ್ಟ ಯಾರಿಗೆ ಎಂಬುದನ್ನು ಕಂಪನಿಗಳು ಯೋಚಿಸಬೇಕು. ಪ್ಲೇಸ್ಟೇಷನ್ 4ನ್ನು ಸೆಕೆಂಡ್ ಹ್ಯಾಂಡ್ ಕೊಂಡವನೇ ಸಂಬಳ ಏರಿದ ಮೇಲೆ ಹೊಸತನ್ನೂ ಕೊಂಡಾನು. ಮೊದಲ ಮೆಟ್ಟಿಲೇ ಇಲ್ಲದಿದ್ದರೆ ಅವನು ಆ ಕಡೆಗೆ ಬರುವುದೇ ಇಲ್ಲ.

ಡೌನ್‌ಲೋಡ್ ಆಟವನ್ನೂ ಎರವಲು ಕೊಡಬಹುದಲ್ಲ ಎಂದು ತಿಳಿದವರು ಕೇಳಿಯಾರು. ಕೊಡಬಹುದು. ನಿಂಟೆಂಡೊ 2025ರ ಏಪ್ರಿಲ್‌ನಲ್ಲಿ ಅಂಥದೊಂದು ವ್ಯವಸ್ಥೆ ತಂದಿದೆ: ಡೌನ್‌ಲೋಡ್ ಮಾಡಿದ ಆಟವನ್ನು ಕುಟುಂಬದ ಗುಂಪಿನಲ್ಲಿ ಸೇರಿಸಿಕೊಂಡವರಿಗೆ ಎರಡು ವಾರದ ಮಟ್ಟಿಗೆ ಕೊಡಬಹುದು, ಅವಧಿ ಮುಗಿದ ಮೇಲೆ ಅದು ತಾನಾಗಿ ಮರಳುತ್ತದೆ. ಇದು ಒಳ್ಳೆಯ ಆರಂಭ, ತಾಂತ್ರಿಕವಾಗಿ ಇದು ಸಾಧ್ಯ ಎಂಬುದಕ್ಕೆ ಪುರಾವೆಯೂ ಹೌದು. ಆದರೆ ಮಾರಿಕುಪ್ಪಂನ ಗಣಿ ಕಾರ್ಮಿಕರ ಲೈನಿನ ಒಬ್ಬ ಹುಡುಗ ಪಕ್ಕದ ಆಂಡರ್‌ಸನ್‌ಪೇಟೆಯ ಅಪರಿಚಿತನೊಬ್ಬನಿಗೆ ತನ್ನ ಆಟವನ್ನು ಸಾವಿರದೈನೂರಕ್ಕೆ ಮಾರಲು ಅದರಲ್ಲಿ ದಾರಿಯಿಲ್ಲ. ಆ ದಾರಿಯನ್ನು ಯಾವುದಾದರೂ ಕಂಪನಿ ತೆರೆದರೆ ಡಿಸ್ಕಿನ ಪರವಾಗಿ ನಾನು ಹೇಳಿದ್ದನ್ನೆಲ್ಲ ಹಿಂದಕ್ಕೆ ಪಡೆಯಲು ನನ್ನ ಅಭ್ಯಂತರವಿಲ್ಲ. ಅಲ್ಲಿಯವರೆಗೆ, ಹೊಸ ಕನ್ಸೋಲಿನ ವಿವರಗಳು ಹೊರಬಿದ್ದ ದಿನ ನಾನು ಮೊದಲು ನೋಡುವುದು ಅದರಲ್ಲಿ ಡಿಸ್ಕ್ ಡ್ರೈವ್ ಇದೆಯೋ ಇಲ್ಲವೋ ಎಂಬುದನ್ನು. ಚಿಪ್ಪಿನ ವೇಗ, ಚಿತ್ರದ ಸ್ಪಷ್ಟತೆ ಎಲ್ಲ ಆಮೇಲೆ.