ಅತಿಥಿಯೋ, ಬಾಡಿಗೆದಾರನೋ?

ಮುಂಬಯಿಯಲ್ಲಿ ನೆಲೆಸಿರುವ ನಮ್ಮವರ ಪೈಕಿ, ಹತ್ತಿಪ್ಪತ್ತು ವರ್ಷ ಹೊಟೇಲಿನ ಗಲ್ಲೆಯಲ್ಲೋ ಕಚೇರಿಯ ಮೇಜಿನ ಮುಂದೆಯೋ ದುಡಿದು, ಸಾಲಸೋಲ ಮಾಡಿ, ಡೊಂಬಿವಿಲಿಯಲ್ಲೋ ವಸಾಯಿಯಲ್ಲೋ ಒಂದು ಚಿಕ್ಕ ಮನೆಯನ್ನು ಕೊಂಡವರು ಕಡಮೆಯಿಲ್ಲ. ಮಕ್ಕಳು ಬೇರೆಡೆಗೆ ಹೋಗಿ, ತಾವು ಊರಿಗೆ ಮರಳಿ ತೆರವಾದ ಆ ಮನೆಯನ್ನು ಅಂತರ್ಜಾಲದ ಮೂಲಕ ದಿನದ ಲೆಕ್ಕದಲ್ಲಿ ಪರಸ್ಥಳದವರಿಗೆ ಕೊಡುವ ಪದ್ಧತಿ ಈಚೆಗೆ ಬಳಕೆಗೆ ಬಂದಿದೆ. ಜೀವಮಾನದ ಉಳಿತಾಯವೆಲ್ಲ ಆ ನಾಲ್ಕು ಗೋಡೆಗಳಲ್ಲಿ ಅಡಗಿರುವುದರಿಂದ, ಈ ವ್ಯವಹಾರದ ಒಳಹೊರಗುಗಳನ್ನು ವಿಚಾರಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಇಂತಹ ಮನೆಗಳಿಗೆ ಬರುವವರೆಲ್ಲ ಎರಡು ರಾತ್ರಿ ತಂಗಿ ಹೋಗುವ ಪ್ರವಾಸಿಗಳಲ್ಲ. ಯಂತ್ರ ಜೋಡಿಸಲು ಬಂದ ಇಂಜಿನಿಯರರು, ಲೆಕ್ಕತನಿಖೆಗೆ ಬಂದ ಆಡಿಟರರು, ವರ್ಗವಾಗಿ ಬಂದು ಮನೆ ಹುಡುಕುತ್ತಿರುವ ನೌಕರರು, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಬಂದ ರೋಗಿಗಳ ಮನೆಯವರು ತಿಂಗಳು, ಮೂರು ತಿಂಗಳುಗಳ ವಸತಿಯನ್ನು ಕೇಳುತ್ತಾರೆ. ದೀರ್ಘಕಾಲದ ಅತಿಥಿ ಸಿಕ್ಕಿದರೆ ನಿಶ್ಚಿಂತೆಯೆಂಬ ಮಾತು ಅರ್ಧ ಮಾತ್ರ ಸತ್ಯ. ಎರಡು ದಿನದ ಅತಿಥಿಗೂ ಮೂರು ತಿಂಗಳ ಅತಿಥಿಗೂ ಇರುವ ಅಂತರ ಬರಿಯ ದಿನಗಳ ಸಂಖ್ಯೆಯದಲ್ಲ. ಕಾಯಿದೆಯ ಕಣ್ಣಿನಲ್ಲಿ ಅವರು ಬೇರೆ ಬೇರೆ ವರ್ಗಕ್ಕೆ ಸೇರಿದವರಾಗಿಬಿಡಬಹುದು.

ಮೊದಲು ಲಾಭದ ಭಾಗವನ್ನೇ ನೋಡೋಣ. ದಿನಕ್ಕೆ 1,500 ರೂಪಾಯಿಯಂತೆ ಮನೆ ಕೊಡುವವರೊಬ್ಬರನ್ನು ಕಲ್ಪಿಸಿಕೊಳ್ಳಿರಿ. ತಿಂಗಳಿಗೆ 45,000 ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ತಿಂಗಳೆಲ್ಲ ಮನೆ ತುಂಬಿರುವುದೆಂದೇನೂ ಇಲ್ಲ. ಎಂಟು ತಂಡಗಳಿಂದ 16 ರಾತ್ರಿ ತುಂಬಿದರೆ ಬರುವುದು 24,000. ಪ್ರತಿ ಸಲವೂ ಹಾಸುಹೊದಿಕೆ ಒಗೆಸಿ ಮನೆ ಒರೆಸಲು 400 ರೂಪಾಯಿ ಹಿಡಿದರೆ 3,200 ಅಲ್ಲಿಯೇ ಹೋಯಿತು. ಉಳಿದ 20,800ರಲ್ಲಿ ಮಧ್ಯಸ್ಥ ಸಂಸ್ಥೆಯ ದಲ್ಲಾಳಿ ಬೇರೆ. ಅದೇ ಮನೆಯನ್ನು ಒಬ್ಬರಿಗೇ ತಿಂಗಳಿಗೆ 26,000ಕ್ಕೆ ಕೊಟ್ಟರೆ ದಿನದ ದರ 900ಕ್ಕಿಂತ ಕೆಳಗಿಳಿದರೂ ಕೈಗೆ ಹತ್ತುವುದು ಹೆಚ್ಚು. ಆದರೆ ದಿನದ ಅತಿಥಿಯ ದರದಲ್ಲಿಯೇ ವಿದ್ಯುತ್ತಿನ ಖರ್ಚನ್ನು ಸೇರಿಸಿಕೊಳ್ಳುವಂತೆ ಇಲ್ಲಿ ಸೇರಿಸಿಕೊಳ್ಳಲಾಗದು. ಮೇ ತಿಂಗಳ ಸೆಕೆಯಲ್ಲಿ ಹಗಲಿರುಳು ಏರ್‌ಕಂಡೀಶನರ್ ಓಡಿದರೆ ಲಾಭವನ್ನು ಮೀಟರೇ ನುಂಗೀತು. ಬಂದ ದಿನದ ಮತ್ತು ಹೊರಡುವ ದಿನದ ಮೀಟರಿನ ಅಂಕೆಗಳನ್ನು ಇಬ್ಬರೂ ಕೂಡಿ ಬರೆದಿಡುವುದು ಲೇಸು. ವಾರಕ್ಕೊಮ್ಮೆ ಮನೆಯನ್ನು ಶುಚಿ ಮಾಡಿಸುವ ಕರಾರೂ ಇರಲಿ. ಮೂರು ತಿಂಗಳು ಮನೆಯ ಮುಖವನ್ನೇ ನೋಡದಿದ್ದವರು ಕೊನೆಗೆ ದುರಸ್ತಿಗೆ ಹಣ ಹುಡುಕಬೇಕಾಗುತ್ತದೆ.

ಇನ್ನು ಕಾಯಿದೆಯ ವಿಚಾರ. 2014ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯ ರಾಜ್ಯದ ಪಾಮ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ 44 ದಿನಗಳಿಗೆಂದು ಬಂದ ಅತಿಥಿಯೊಬ್ಬ, 30 ದಿನ ಕಳೆದ ಬಳಿಕ ತಾನು ಬಾಡಿಗೆದಾರನೆಂದು ಹೇಳಿ ಮನೆ ಬಿಡಲು ಒಪ್ಪಲಿಲ್ಲ. ಅಲ್ಲಿಯ ಕಾನೂನು 30 ದಿನಗಳ ಮೇಲೆ ನಿಂತವನಿಗೆ ಬಾಡಿಗೆದಾರನ ರಕ್ಷಣೆಯನ್ನು ನೀಡುತ್ತದೆ. ಹಾಗಿದ್ದೂ ಹೊರದೇಶಗಳಲ್ಲಿ ಗಾಳಿ ದೀರ್ಘಾವಧಿಯ ಕಡೆಗೇ ಬೀಸುತ್ತಿದೆ. ನ್ಯೂಯಾರ್ಕ್ ನಗರವು 2023ರ ಸೆಪ್ಟೆಂಬರಿನಿಂದ, ಒಡೆಯನೂ ಜತೆಯಲ್ಲಿ ವಾಸಿಸುತ್ತಿದ್ದು ನೋಂದಣಿ ಮಾಡಿಸದ ಹೊರತು 30 ದಿನಕ್ಕಿಂತ ಕಡಮೆಯ ವಸತಿಯನ್ನು ಕೊಡಲಾಗದೆಂಬ ಕಟ್ಟಳೆಯನ್ನು ಜಾರಿಗೆ ತಂದಿತು. ಊರಿನ ಜನರಿಗೆ ಮನೆ ಸಿಗದಂತಾಗಿದೆಯೆಂಬ ಕೂಗೇ ಇಂತಹ ಕಟ್ಟಳೆಗಳಿಗೆ ಮೂಲ.

ಮುಂಬಯಿಗೆ ಈ ಭೀತಿ ಹೊಸದಲ್ಲ. 1973ರಲ್ಲಿ ಬಾಡಿಗೆ ಕಾಯಿದೆಗೆ ತಿದ್ದುಪಡಿಯಾಗಿ, ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸಿನ ಮೇಲೆ ವಾಸಿಸುತ್ತಿದ್ದವರು ಬಾಡಿಗೆದಾರರ ಸ್ಥಾನವನ್ನೇ ಪಡೆದುದು ಹಿರಿಯರಿಗೆ ನೆನಪಿರಬಹುದು. ಈಗ ಜಾರಿಯಲ್ಲಿರುವ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಒಡೆಯನಿಗೆ ಹೆಚ್ಚು ಅನುಕೂಲವಾಗಿದೆ. ಆದರೆ ಆ ಅನುಕೂಲವನ್ನು ಕಾಗದಪತ್ರ ಸರಿಯಾಗಿರುವವನಿಗೆ ಮಾತ್ರ ಕೊಡುತ್ತದೆ. 24ನೆಯ ಕಲಮಿನ ಪ್ರಕಾರ, ಲೈಸೆನ್ಸಿನ ಅವಧಿ ಮುಗಿದ ಮೇಲೂ ಮನೆ ಬಿಡದವನು ಒಪ್ಪಿದ ಮೊಬಲಗಿನ ಎರಡು ಪಟ್ಟು ನಷ್ಟಭರ್ತಿ ತೆರಬೇಕು. ಲಿಖಿತ ಕರಾರೇ ಅಲ್ಲಿ ನಿರ್ಣಾಯಕ ಸಾಕ್ಷ್ಯ. 55ನೆಯ ಕಲಮು ಆ ಕರಾರನ್ನು ನೋಂದಾಯಿಸುವ ಹೊಣೆಯನ್ನು ಒಡೆಯನ ತಲೆಯ ಮೇಲೆ ಹೊರಿಸಿದೆ. ನೋಂದಾಯಿಸದಿದ್ದರೆ, ಬೇರೆ ರುಜುವಾತು ಇಲ್ಲದ ಪಕ್ಷದಲ್ಲಿ ವಾಸಿಸುವವನು ಹೇಳಿದ ಷರತ್ತುಗಳೇ ನಿಲ್ಲುತ್ತವೆ. ಒಡೆಯನಿಗೆ ಮೂರು ತಿಂಗಳವರೆಗಿನ ಸೆರೆ, 5,000 ರೂಪಾಯಿಯವರೆಗಿನ ದಂಡ ಅಥವಾ ಎರಡೂ ವಿಧಿಸಲ್ಪಡಬಹುದು.

ಹೊಟೇಲು, ವಸತಿಗೃಹ, ಅತಿಥಿಗೃಹಗಳಲ್ಲಿ ತಂಗುವವರನ್ನೂ, ಒಡೆಯನೇ ವಾಸಿಸುವ ಮನೆಯ ಒಂದು ಭಾಗದಲ್ಲಿರುವ ಪೇಯಿಂಗ್ ಗೆಸ್ಟುಗಳನ್ನೂ ಇದೇ ಕಾಯಿದೆ ಲೈಸೆನ್ಸಿಗಳ ಗುಂಪಿನಿಂದ ಹೊರಗಿರಿಸಿದೆ ಎಂಬುದು ನಿಜ. ಆದರೆ ಒಡೆಯನು ಕುಂದಾಪುರದಲ್ಲಿದ್ದು, ಬೀಗದ ಕೈ ನೆರೆಯವರಲ್ಲಿದ್ದು, ಇಡೀ ಮನೆ ಮೂರು ತಿಂಗಳು ಒಬ್ಬನ ವಶದಲ್ಲಿರುವಾಗ ಅದನ್ನು ಹೊಟೇಲೆಂದು ವಾದಿಸುವುದು ಸುಲಭವಲ್ಲ. ಅಂತರ್ಜಾಲದ ರಸೀದಿಯನ್ನೇ ಕರಾರೆಂದು ನಂಬಿ ಕುಳಿತುಕೊಳ್ಳುವುದು ಜಾಣತನವಾಗಲಾರದು. ತಿಂಗಳು ಮೀರಿದ ವಸತಿಗೆ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸುವುದೇ ಕ್ಷೇಮ. ಮಹಾರಾಷ್ಟ್ರದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ ನಾಲ್ಕಾಣೆಯ ಲೆಕ್ಕ. ಮನೆಯಲ್ಲಿ ಕುಳಿತೇ ನೋಂದಣಿ ಮಾಡಿಸುವ ವ್ಯವಸ್ಥೆಯೂ ಉಂಟು. ಬೇರೆ ರಾಜ್ಯಗಳಲ್ಲಿರುವ ವಾಚಕರು ಅಲ್ಲಲ್ಲಿಯ ಬಾಡಿಗೆ ಕಾಯಿದೆಯನ್ನು ವಿಚಾರಿಸಿಕೊಳ್ಳಬೇಕು. 11 ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ರೂಢಿಯ ಮಾತು ಮುಂಬಯಿಯಲ್ಲಿ ನಡೆಯದು.

ಕಂಪೆನಿಗಳ ಬೇಡಿಕೆಯಲ್ಲಿ ತೊಡಕು ಬೇರೆ ಬಗೆಯದು. ಹಣ ಕೊಡುವವನು ಒಬ್ಬ, ಮಲಗುವವನು ಇನ್ನೊಬ್ಬ. ಈ ವಾರ ಬಂದವನು ಹೋಗಿ ಮುಂದಿನ ವಾರ ಮತ್ತೊಬ್ಬ ಬಂದಾನು. ಕರಾರು ಕಂಪೆನಿಯ ಹೆಸರಿನಲ್ಲಿದ್ದು, ಒಡೆದು ಮುರಿದುದರ ಹೊಣೆ ಅದರದೇ ಆಗಿರಬೇಕು; ತಂಗುವ ಪ್ರತಿಯೊಬ್ಬನ ಹೆಸರೂ ಗುರುತಿನ ಕಾಗದವೂ ಮುಂಚಿತವಾಗಿ ಬರಬೇಕು. ವಿದೇಶೀಯನಿದ್ದರೆ ಬಂದ 24 ಗಂಟೆಗಳೊಳಗೆ ಅದಕ್ಕೆಂದು ಗೊತ್ತುಪಡಿಸಿದ ನಮೂನೆಯನ್ನು ಸಲ್ಲಿಸುವುದು ಮನೆಯವರ ಕರ್ತವ್ಯ. ಹಣ ಮಾತ್ರ ತಿಂಗಳ ಕೊನೆಗೆ, ಬಿಲ್ಲು ಮಂಜೂರಾದ ಮೇಲೆ ಎನ್ನುವವರಿದ್ದಾರೆ. ಉದ್ರಿಯ ಪುಸ್ತಕ ಎಷ್ಟು ಹೊಟೇಲುಗಳ ಬಾಗಿಲು ಹಾಕಿಸಿತೆಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ಒಂದು ತಿಂಗಳ ಮುಂಗಡ ಮತ್ತು ಠೇವಣಿ, ಇವೆರಡಿಲ್ಲದೆ ಬೀಗದ ಕೈ ಕೊಡಬಾರದು.

ತೆರಿಗೆಯಲ್ಲಿಯೂ ಅವಧಿಗೆ ಬೆಲೆಯುಂಟು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿಯವರೆಗಿನ ಹೊಟೇಲು ಕೊಠಡಿಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. 2024ರ ಜುಲೈಯಿಂದ, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದ, ಎಡೆಬಿಡದೆ ಕನಿಷ್ಠ 90 ದಿನಗಳ ವಸತಿಗೆ ಈ ತೆರಿಗೆಯೇ ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಒಡೆಯನು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ಅಂಥವನು ಕಂಪೆನಿ ಕೇಳಿತೆಂದು ತೆರಿಗೆಯ ಬಿಲ್ಲನ್ನು ಬರೆದುಕೊಡಲೂ ಆಗದು. ಬಿಲ್ಲಿನ ಪ್ರಶ್ನೆಯನ್ನು ಮೊದಲ ದಿನವೇ ಇತ್ಯರ್ಥಪಡಿಸಿಕೊಂಡರೆ ಕೊನೆಯ ದಿನದ ಜಗಳ ತಪ್ಪೀತು.

ರೋಗಿಗಳ ಮಾತು ಇವೆಲ್ಲಕ್ಕಿಂತ ಭಿನ್ನವಾದುದು. ಆರು ವಾರವೆಂದು ಬಂದವರಿಗೆ ವೈದ್ಯರು ಇನ್ನೂ ಒಂದು ತಿಂಗಳೆನ್ನಬಹುದು. ಹೋಗಿರೆನ್ನುವುದು ಮನುಷ್ಯತ್ವವಲ್ಲ, ಬಾಯಿಮಾತಿನಲ್ಲಿ ಇರಿರೆನ್ನುವುದೂ ವಿವೇಕವಲ್ಲ. ಅವಧಿಯನ್ನು ಮುಂದುವರಿಸುವ ಕ್ರಮವನ್ನು ಕರಾರಿನಲ್ಲಿಯೇ ಬರೆದಿಟ್ಟುಕೊಂಡರೆ ದಯೆಗೂ ಕಾಗದಕ್ಕೂ ವಿರೋಧ ಬಾರದು.

ಕೊನೆಯದಾಗಿ ನೆರೆಹೊರೆಯ ವಿಷಯ. ದಿನಕ್ಕೊಂದು ಹೊಸ ಮುಖ ಮೆಟ್ಟಿಲೇರುವುದನ್ನು ಸಹಿಸದ ಸೊಸೈಟಿಯು, ಹೆಸರು ವಿಳಾಸ ತಿಳಿದ ಮೂರು ತಿಂಗಳ ನಿವಾಸಿಯನ್ನು ಸಹಿಸಬಹುದು. ಅದಕ್ಕೆ ಮುಂಚಿತವಾಗಿ ಬರೆದು ತಿಳಿಸಿ, ಪೊಲೀಸು ಠಾಣೆಗೂ ಮಾಹಿತಿ ಕೊಡುವುದು ಲೇಸು. ಹೊಟೇಲಿನ ಮೇಲಟ್ಟದಲ್ಲಿ ಮಲಗಿ, ಒಂದು ಖೋಲಿಗಾಗಿ ವರ್ಷಗಟ್ಟಲೆ ಅಲೆದ ಅನುಭವ ನಮ್ಮವರಲ್ಲಿ ಅನೇಕರಿಗಿದೆ. ಇಂದು ಬೀಗದ ಕೈ ತಮ್ಮಲ್ಲಿರುವಾಗ, ಮೂರು ತಿಂಗಳ ನೆಲೆಯನ್ನು ಹುಡುಕಿ ಬಂದವನಿಗೆ ನ್ಯಾಯದ ದರದಲ್ಲಿ, ನ್ಯಾಯದ ಕಾಗದದ ಮೇಲೆ ಮನೆ ಕೊಡುವುದು ಅವರಿಗೆ ಹೊಸ ಪಾಠವಾಗಬೇಕಾಗಿಲ್ಲ. ಅತಿಥಿಯೋ ಬಾಡಿಗೆದಾರನೋ ಎಂಬುದು ಅವನು ಒಳಗೆ ಕಾಲಿಡುವ ಮುನ್ನವೇ ನಿಶ್ಚಯವಾಗಲಿ. ಆಮೇಲೆ ಕೇಳಿದರೆ ಉತ್ತರ ಹೇಳುವವರು ನ್ಯಾಯಾಲಯದವರು.