ಅರಭಟ್ಟನನ್ನೂ ಹೊರಗಟ್ಟುವಿರಾ?

ಕಳೆದ ವಾರ ಬಾಗಲಕೋಟೆಯ ಸಾಹಿತ್ಯಗೋಷ್ಠಿಯೊಂದರಲ್ಲಿ ಭಾಷಣಕಾರರೊಬ್ಬರು ಎ.ಕೆ. ರಾಮಾನುಜನ್ನರಿಗೆ ವಿಧಿಸಿದ ಬಹಿಷ್ಕಾರದ ವರದಿಯನ್ನು ವಾಚಕರು ಓದಿಯೇ ಇರುವುದರಿಂದ ಅದರ ಪುನರುಕ್ತಿ ಬೇಡ. ಇಂಗ್ಲಿಷಿನಲ್ಲಿ ಕವಿತೆ ಬರೆದು ಅಮೆರಿಕದಲ್ಲಿ ನೆಲೆಸಿದಾತನು ಕನ್ನಡ ಕವಿಯೆನಿಸಲಾರನು ಎಂಬ ಆ ಮಾತಿಗಿಂತ, ಅದಕ್ಕೆ ಬಿದ್ದ ಚಪ್ಪಾಳೆಯೇ ನನ್ನನ್ನು ಹೆಚ್ಚು ಕೆರಳಿಸಿತು.

1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ತಾಯಿಯೊಡನೆ ತಮಿಳನ್ನೂ ಗಣಿತಜ್ಞರಾದ ತಂದೆಯೊಡನೆ ಇಂಗ್ಲಿಷನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆದು, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ನಮ್ಮ ಕಡೆಯ ಜನಪದ ಕಥೆಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡು, ಮುಂದೆ ಮೂರು ದಶಕಗಳ ಕಾಲ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪನ ಮಾಡಿ 1993ರಲ್ಲಿ ಅಲ್ಲಿಯೇ ದೇಹವಿಟ್ಟ ಈ ಮಹನೀಯರು, 1966ರಲ್ಲಿ ಇಂಗ್ಲಿಷ್ ಕವಿತೆಗಳ ‘ದಿ ಸ್ಟ್ರೈಡರ್ಸ್’ ಪ್ರಕಟಿಸಿದ ಮೂರೇ ವರ್ಷಕ್ಕೆ ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಕನ್ನಡ ಸಂಕಲನವನ್ನು ಹೊರತಂದರು. 1990ರಲ್ಲಿ, ಅರವತ್ತರ ಅಂಚು ದಾಟಿದ ಮೇಲೆಯೂ, ‘ಕುಂಟೋಬಿಲ್ಲೆ’ಯನ್ನು ಕೊಟ್ಟರು. ಅವರ ಕನ್ನಡ ಪದ್ಯಗಳೆಲ್ಲವೂ ನನಗೆ ಹಿಡಿಸಿವೆಯೆಂದಲ್ಲ. ಬುದ್ಧಿಚಮತ್ಕಾರವು ಭಾವವನ್ನು ಹಿಂದಿಕ್ಕಿ ಓಡುವ ಪದ್ಯಗಳು ಅವುಗಳಲ್ಲುಂಟು. ಆದರೆ ಓದಿ ತಕರಾರು ತೆಗೆಯುವುದು ಬೇರೆ, ಓದದೆ ತೀರ್ಪು ಕೊಡುವುದು ಬೇರೆ.

ಅದರಲ್ಲಿಯೂ ಈ ಜಿಲ್ಲೆಯ ವೇದಿಕೆಯಲ್ಲಿ ಆಡಬಾರದ ಮಾತದು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರ ವಚನಗಳನ್ನು, ದಾಸಿಮಯ್ಯ, ಅಕ್ಕ, ಅಲ್ಲಮರ ವಚನಗಳೊಡನೆ, 1973ರ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಪುಸ್ತಕದ ಮೂಲಕ, ಕೃಷ್ಣೆ ಮಲಪ್ರಭೆಯರ ಹೆಸರನ್ನೇ ಕೇಳರಿಯದ ದೂರದ ಓದುಗರ ಮುಂದಿಟ್ಟವರು ಇದೇ ರಾಮಾನುಜನ್ನರು.

ಇನ್ನು ಶಾಸನಗಳೆಂಬ ನನ್ನ ಹಳೆಯ ಹುಚ್ಚಿಗೆ ಬರುತ್ತೇನೆ; ಸಂಪಾದಕರು ಎಂದಿನಂತೆ ಸಹಿಸಿಕೊಳ್ಳಬೇಕು. ಕ್ರಿ.ಶ. 700ರ ಆಸುಪಾಸಿನದೆಂದು ವಿದ್ವಾಂಸರು ಹೇಳುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ನಮಗೆ ದೊರೆತ ಅತ್ಯಂತ ಪ್ರಾಚೀನ ಕನ್ನಡ ತ್ರಿಪದಿಗಳ ಪಕ್ಕದಲ್ಲಿಯೇ ಸಂಸ್ಕೃತ ಶ್ಲೋಕವೊಂದು ಯಾವ ಸಂಕೋಚವೂ ಇಲ್ಲದೆ ಕುಳಿತಿದೆ. ಅದೇ ಊರಿನ ಮೂರನೆಯ ಗುಹೆಯಲ್ಲಿ ಚಾಲುಕ್ಯ ದೊರೆ ಮಂಗಳೇಶನು ಎರಡೂ ಭಾಷೆಗಳಲ್ಲಿ ಶಾಸನ ಬರೆಯಿಸಿದನು. 634ರಲ್ಲಿ ಐಹೊಳೆಯ ಮೇಗುಟಿಯ ಗೋಡೆಯ ಮೇಲೆ ಪುಲಕೇಶಿಯ ಪ್ರಶಸ್ತಿಯನ್ನು ಸಂಸ್ಕೃತದಲ್ಲಿ ರಚಿಸಿ, ಕಾಳಿದಾಸ ಭಾರವಿಯರಿಗೆ ತಾನು ಸಮನೆಂದು ಬೀಗಿದ ರವಿಕೀರ್ತಿಯನ್ನು ನಾವು ಹೆಮ್ಮೆಯಿಂದ ನಮ್ಮವನೆನ್ನುತ್ತೇವೆ. ಸಂಸ್ಕೃತಕ್ಕೆ ದೊರೆಯುವ ಈ ಕ್ಷಮೆ ಇಂಗ್ಲಿಷಿಗೆ ಬಂದೊಡನೆ ಏಕೆ ಬತ್ತಿಹೋಗಬೇಕು?

ಇದನ್ನೇ ಇಳಕಲ್ಲಿನ ನೇಕಾರ ಮಿತ್ರರೊಬ್ಬರ ಮುಂದಿಟ್ಟಾಗ, ಅವರು ಮಗ್ಗದಿಂದ ತಲೆಯೆತ್ತದೆಯೇ, “ಮೈಗೆ ಹತ್ತಿ, ಸೆರಗಿಗೆ ರೇಷ್ಮಿ, ಎರಡೂ ಹಾಸು ಕೊಂಡಿ ಹಾಕಿ ಕೂಡಿಸಿದ್ರನ ಅದು ಇಳಕಲ್ ಸೀರಿ. ಹತ್ತಿ ಅಷ್ಟ ಇರ್ಲಿ ಅಂದ್ರ ಸೆರಗ ಎಲ್ಲಿಂದ ತರೂದ್ರೀ?” ಎಂದರು. ಗೋಷ್ಠಿಗೆ ಕರೆಯಬೇಕಾಗಿದ್ದುದು ಇವರನ್ನು.

ಭಾಷಣಕಾರರಲ್ಲಿ ನನ್ನದೊಂದು ವಿಜ್ಞಾಪನೆ. ಭಾಷಾಶುದ್ಧಿಯ ವ್ರತವನ್ನು ಅವರು ಮನಃಪೂರ್ವಕವಾಗಿ ಕೈಗೊಂಡಿರುವುದಾದರೆ, ಪುರಾತತ್ವ ಇಲಾಖೆಯವರ ಅಪ್ಪಣೆ ಪಡೆದು ಬಾದಾಮಿಯ ಬಂಡೆಯನ್ನೇರಿ, ಮೊದಲು ಅರಭಟ್ಟನ ಸಂಸ್ಕೃತ ಶ್ಲೋಕವನ್ನು ಅಳಿಸಿ ಬರಲಿ. ರಾಮಾನುಜನ್ನರ ಸರದಿ ಅನಂತರ.